ಲೈನ್ ಅಂದ್ರೆ ಏನು?

ಕಾಲೇಜು ಹುಡುಗರು ಹೊಡೆಯೋ ಲೈನ್ ಬಿಡಿ. ನಮ್ಮ ಕೋಲಾರದ ಕಡೆ ಈ ಪದಕ್ಕೆ ಬೇರೆ ಅರ್ಥಗಳೂ ಇವೆ.

ಮಾಲೂರಿಗೆ ರೈಲು ಲೈನ್ ಬಂದದ್ದು 1864ರಲ್ಲಿ, ಬೆಂಗಳೂರು-ಜೋಲಾರಪೇಟೆ ಮಾರ್ಗದ ಜೊತೆ. ಶ್ರೀನಿವಾಸಪುರದ ನ್ಯಾರೋಗೇಜ್ 2013ರಲ್ಲಿ ಬ್ರಾಡ್‌ಗೇಜ್ ಆಯ್ತು. ಮುಳಬಾಗಿಲಿಗೆ ಆ ಭಾಗ್ಯವಿಲ್ಲ, ಅಲ್ಲಿನ ಬೋರ್‌ವೆಲ್ ರೈತರು ಕಾಯೋದು ಲೈನ್‌ಮನ್‌ಗೆ. ಆ ಕರೆಂಟ್ ಲೈನ್ ಈ ಸೀಮೆಗೆ ಮೊದಲು ಬಂದದ್ದು ಚಿನ್ನಕ್ಕಾಗಿ: 1902ರಲ್ಲಿ, ಶಿವನಸಮುದ್ರದಿಂದ ಕೆಜಿಎಫ್‌ಗೆ, ಸುಮಾರು 147 ಕಿ.ಮೀ.

ಕೆಜಿಎಫ್‌ನಲ್ಲಿ ಮಾತ್ರ ಲೈನ್ ಅಂದ್ರೆ ಮನೆ. ಗಣಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಪುಟ್ಟ ಮನೆಗಳು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಜನ ಲೈನ್‌ಗಳಲ್ಲೇ ಉಳಿದರು. ಸುರಂಗಕ್ಕೆ ಇಳಿದವರ ಮಕ್ಕಳು ಈಗ ನಸುಕಿನಲ್ಲೇ ಬೆಂಗಳೂರಿನ ರೈಲು ಹತ್ತುತ್ತಾರೆ, ದುಡಿಯಲು. ಸಂಜೆ ಮತ್ತೆ ಅದೇ ಲೈನ್‌ಗೆ ವಾಪಸ್.

ನಿಮ್ಮೂರಲ್ಲಿ ಲೈನ್ ಅಂದ್ರೆ ಏನು?