ವಿರ್ಸುಂಗ್ ಕಂಡ ನಾಳ, ಮಕ್ಕಳು ಉಣ್ಣುವ ನೋವು

ಇಟಲಿಯ ಪಡುವಾ ನಗರದಲ್ಲಿ 1642ರಲ್ಲಿ ಯೋಹಾನ್ ಗಿಯೋರ್ಗ್ ವಿರ್ಸುಂಗ್ ಎಂಬ ಜರ್ಮನ್ ಅಂಗರಚನಾ ತಜ್ಞ, ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ಶವವನ್ನು ಕೊಯ್ಯುತ್ತಿದ್ದ. ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯ ಉದ್ದಕ್ಕೂ ಸಾಗುವ ಸಪೂರ ನಾಳವೊಂದು ಅವನ ಕಣ್ಣಿಗೆ ಬಿತ್ತು. ಅದರ ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೊರೆಸಿ, ಅಚ್ಚು ತೆಗೆದು, ಇದರ ಕೆಲಸವೇನೆಂದು ಯೂರೋಪಿನ ವಿದ್ವಾಂಸರನ್ನು ಕೇಳಿದ. ಮರುವರ್ಷವೇ ಅವನ ಕೊಲೆಯಾಯಿತು. ನಾಳಕ್ಕೆ ಅವನ ಹೆಸರು ಉಳಿಯಿತು.

ಆ ನಾಳ ಜೀರ್ಣರಸವನ್ನು ಸಣ್ಣ ಕರುಳಿಗೆ ಒಯ್ಯುತ್ತದೆ. ಕರುಳಿನಲ್ಲಿ ಕೆಲಸ ಮಾಡಬೇಕಾದ ರಸ ಒಳಗೇ ಚುರುಕಾದರೆ ಗ್ರಂಥಿಯನ್ನೇ ತಿನ್ನತೊಡಗುತ್ತದೆ. ಉರಿಯೂತ ಮತ್ತೆ ಮತ್ತೆ ಮರುಕಳಿಸಿ ಗ್ರಂಥಿ ಗಡುಸಾಗುತ್ತದೆ. ನಾಳದಲ್ಲಿ ಸುಣ್ಣದ ಹರಳುಗಳು ಕಟ್ಟುತ್ತವೆ. ಬೆನ್ನಿಗೆ ಹಾಯುವ ಹೊಟ್ಟೆನೋವು ರೋಗಿಯನ್ನು ಹಿಂಡುತ್ತದೆ.

ಇದು ಕುಡುಕರ ಕಾಯಿಲೆಯೆಂದೇ ಬಹುಕಾಲ ಹೆಸರಾಗಿತ್ತು. ಮಕ್ಕಳಿಗೂ ಇದು ಬರುತ್ತದೆಂಬುದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಕೇರಳದ ವೈದ್ಯ ಡಾ. ಪಿ. ಜೆ. ಗೀವರ್ಗೀಸ್ ಪ್ರಮುಖರು. ಬಾಲ್ಯದಲ್ಲಿ ಹೊಟ್ಟೆನೋವು, ಹರೆಯದಲ್ಲಿ ಸಕ್ಕರೆ ಕಾಯಿಲೆ, ತುಂಬು ಪ್ರಾಯದಲ್ಲಿ ಸಾವು ಎಂಬ ಕ್ರಮವನ್ನು ಅವರು ನೂರಾರು ರೋಗಿಗಳಲ್ಲಿ ಗುರುತಿಸಿದರು. ಬಡವರ ಆಹಾರವಾದ ಮರಗೆಣಸಿನ ಮೇಲೆ ಸಂಶಯ ಬಿತ್ತು, ಅದು ಸಾಬೀತಾಗಲಿಲ್ಲ. 1996ರಲ್ಲಿ ಅಮೆರಿಕದಲ್ಲಿ ಈ ರೋಗದ ಒಂದು ಜೀನ್ ದೋಷ ಪತ್ತೆಯಾಯಿತು. 2000ದಲ್ಲಿ ಗೊತ್ತಾದ ಇನ್ನೊಂದು ದೋಷ ಅನೇಕ ಭಾರತೀಯ ರೋಗಿಗಳಲ್ಲೂ ಕಂಡುಬಂತು.

ಕಾರಣ ತಿಳಿಯುವ ಮೊದಲೇ ಶಸ್ತ್ರವೈದ್ಯರು ಉಪಾಯ ಹುಡುಕಿದ್ದರು. ಕಟ್ಟಿಕೊಂಡ ನಾಳವನ್ನು ಉದ್ದಕ್ಕೆ ಸೀಳಿ, ಹರಳು ತೆಗೆದು, ಕರುಳಿನ ಒಂದು ಕುಣಿಕೆಯನ್ನು ಅದಕ್ಕೆ ಹೊಲಿಯುವ ವಿಧಾನವನ್ನು 1958ರಲ್ಲಿ ಪ್ಯೂಸ್ಟೋ ಮತ್ತು ಗಿಲ್ಸ್‌ಬಿ ಪ್ರಕಟಿಸಿದರು. ಅದರಲ್ಲಿ ಗುಲ್ಮವನ್ನೂ ಗ್ರಂಥಿಯ ಬಾಲವನ್ನೂ ತೆಗೆಯಬೇಕಿತ್ತು. 1960ರಲ್ಲಿ ಪಾರ್ಟಿಂಗ್ಟನ್ ಮತ್ತು ರೋಷೆಲ್ ಅವೆರಡನ್ನೂ ಉಳಿಸುವ ದಾರಿ ತೋರಿದರು. ಬೆಳೆಯುವ ಮಗುವಿಗೆ ಇದು ದೊಡ್ಡ ಲಾಭ. ಗ್ರಂಥಿ ಉಳಿದಷ್ಟೂ ಇನ್ಸುಲಿನ್ ಉಳಿಯುತ್ತದೆ.

ಹೊಟ್ಟೆ ಕೊಯ್ಯದ ಹಾದಿಯೂ ತೆರೆಯಿತು. 1968ರಲ್ಲಿ ಅಮೆರಿಕದ ಮೆಕ್ಯೂನ್ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಬಾಯಿಯನ್ನು ತಲುಪಿದ. ಆ ದಾರಿಯಲ್ಲೇ ನಾಳದ್ವಾರವನ್ನು ಕೊಯ್ದು ಅಗಲಿಸುವ ವಿಧಾನವನ್ನು 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ಪ್ರಕಟಿಸಿದರು. ಮುಂದೆ ಆಘಾತ ತರಂಗಗಳಿಂದ ಹರಳು ಪುಡಿಮಾಡುವುದು, ಸ್ಟೆಂಟ್ ಎಂಬ ಕಿರುಕೊಳವೆ ಇಡುವುದು ಸಾಧ್ಯವಾಯಿತು.

ಎರಡಕ್ಕೂ ಬೆಲೆಯಿದೆ. ಸ್ಟೆಂಟನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಪ್ರತಿಸಲವೂ ಮಗುವಿಗೆ ಅರಿವಳಿಕೆ ಕೊಡಬೇಕು. ಶಸ್ತ್ರಕ್ರಿಯೆ ದೊಡ್ಡದು, ಆದರೆ ಸಾಮಾನ್ಯವಾಗಿ ಒಮ್ಮೆಗೇ ಮುಗಿಯುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ವಯಸ್ಕರ ಮೇಲೆ ನಡೆದು 2007 ಮತ್ತು 2020ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ನೋವು ತಗ್ಗಿಸುವುದರಲ್ಲಿ ಶಸ್ತ್ರಕ್ರಿಯೆಯೇ ಮೇಲಾಯಿತು. ಎರಡನೆಯದು ತಡಮಾಡದೆ ಮಾಡಿದ ಶಸ್ತ್ರಕ್ರಿಯೆಯ ಪರ ಸಾಕ್ಷ್ಯ ನುಡಿಯಿತು. ಮಕ್ಕಳ ಮಟ್ಟಿಗೆ ಅಂಥ ದೊಡ್ಡ ಹೋಲಿಕೆ ನಡೆದಿಲ್ಲ. ಹೀಗಾಗಿ ಹಲವೆಡೆ ಮೊದಲು ಎಂಡೋಸ್ಕೋಪಿ, ಫಲಿಸದಿದ್ದರೆ ಚಾಕು ಎಂಬುದೇ ಪದ್ಧತಿ.

ಕೊನೆಯ ಅಸ್ತ್ರವೊಂದಿದೆ. 1977ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವೈದ್ಯರು ಕೆಟ್ಟ ಗ್ರಂಥಿಯನ್ನು ತೆಗೆದು, ಅದರೊಳಗಿನ ಇನ್ಸುಲಿನ್ ಕೋಶಗಳನ್ನು ಬೇರ್ಪಡಿಸಿ, ಅದೇ ರೋಗಿಯ ಯಕೃತ್ತಿಗೆ ಸೇರಿಸಿದರು. ಮುಂದೆ ಈ ಚಿಕಿತ್ಸೆ ಮಕ್ಕಳಿಗೂ ದೊರೆಯಿತು. ಗ್ರಂಥಿ ಪೂರ್ತಿ ಗಡುಸಾದ ಮೇಲೆ ಹೊರತೆಗೆಯಲು ಸಿಗುವ ಕೋಶಗಳು ಕಡಿಮೆ. ಇಲ್ಲಿಯೂ ಕಾಲವೇ ನಿರ್ಣಾಯಕ.

ಕಾಲ ಕಳೆಯುವುದು ಹೆಚ್ಚಾಗಿ ಆಸ್ಪತ್ರೆಗೆ ಬರುವ ಮುನ್ನವೇ. ಮಗು ಹೊಟ್ಟೆ ಹಿಡಿದು ಮುದುರಿದರೆ ಜಂತುಹುಳ ಎನ್ನುತ್ತಾರೆ, ಶಾಲೆ ತಪ್ಪಿಸುವ ನೆಪ ಎನ್ನುತ್ತಾರೆ. ರೋಗ ಹಳತಾದಾಗ ರಕ್ತಪರೀಕ್ಷೆಯೂ ಸರಿಯಾಗಿಯೇ ಬರಬಹುದು. ಸ್ಕ್ಯಾನ್ ಮಾಡಿದಾಗಲೇ ಹರಳು ಕಾಣುವುದು. ವಿರ್ಸುಂಗ್ ಕೇಳಿದ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಟ್ಟಿದೆ. ಆ ಉತ್ತರ ಮಗುವಿಗೆ ದಕ್ಕಬೇಕಾದರೆ, ಮೊದಲು ಅದರ ನೋವನ್ನು ಮನೆಯವರು ನಂಬಬೇಕು.