ಸಂದಿಗ್ಧ ಪಿತೃತ್ವ ಮತ್ತು ಡಿಎನ್‌ಎ ಪರೀಕ್ಷೆ: ಮಧುಗಿರಿ ಸೀಮೆಯ ವಂಶಚರಿತ್ರೆಯಲ್ಲಿ

ಒಬ್ಬ ವ್ಯಕ್ತಿಯ ತಂದೆ ಯಾರು ಎಂಬ ಪ್ರಶ್ನೆಗೆ ದಾಖಲೆ ಒಂದು ಹೆಸರು ಹೇಳಿ ಊರ ಮಾತು ಇನ್ನೊಂದು ಹೆಸರು ಹೇಳಿದರೆ, ಅಥವಾ ಎರಡೂ ಸುಮ್ಮನಿದ್ದರೆ, ಅದು ವಂಶಚರಿತ್ರೆಯಲ್ಲಿ ಸಂದಿಗ್ಧ ಪಿತೃತ್ವದ ಪ್ರಸಂಗ. ಇಂಥದನ್ನು ಬಿಡಿಸಲು ಡಿಎನ್‌ಎ ನೆರವಾಗಬಲ್ಲದು ಎಂಬ ಅರಿವು 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರೀಸ್ ಕಂಡುಕೊಂಡ ವಿಧಾನದಿಂದ ಮೊದಲಾಯಿತು. ಭಾರತದಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಲಾಲ್‌ಜಿ ಸಿಂಗ್ ಈ ವಿದ್ಯೆಯನ್ನು ಬೆಳೆಸಿದರು. 1980ರ ದಶಕದ ಕೊನೆಗೆ ಕೇರಳದ ತಲಶ್ಶೇರಿಯ ಪಿತೃತ್ವದ ವ್ಯಾಜ್ಯವೊಂದರಲ್ಲಿ ಅದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪರೀಕ್ಷೆಯ ಬಲವನ್ನೂ ಮಿತಿಯನ್ನೂ ಇಲ್ಲಿ ಪರಿಶೀಲಿಸಿದೆ. ಈ ಸೀಮೆಯ ಬಂಧುತ್ವ, ಮದುವೆ, ಜಮೀನಿನ ವ್ಯವಸ್ಥೆಗಳನ್ನು ನೋಡಿದರೆ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ: ಡಿಎನ್‌ಎ ಪರೀಕ್ಷೆ ವಿಚಾರಣೆಯ ಕೊನೆಯ ಹಂತಕ್ಕೆ ಸೇರಿದ್ದು. ಬಾಯಿಮಾತು ಮತ್ತು ಕಾಗದಪತ್ರಗಳು ಪ್ರಶ್ನೆಯನ್ನು ಎರಡು ಮೂರು ಸಾಧ್ಯತೆಗಳಿಗೆ ಇಳಿಸಿದ ಮೇಲೆ ಅವುಗಳಲ್ಲಿ ಒಂದನ್ನು ಆರಿಸಲು ಅದು ಸಮರ್ಥ. ಮೊದಲೇ ಕೈಗೆತ್ತಿಕೊಂಡರೆ ತಪ್ಪು ಪ್ರಶ್ನೆಗೆ ಖಚಿತವಾದ ಉತ್ತರ ಕೊಟ್ಟುಬಿಡುತ್ತದೆ.

ಈ ಸೀಮೆಯಲ್ಲಿ ವಂಶವನ್ನು ಗುರುತಿಸುವುದು ಕುಲ, ಬೆಡಗು, ಮನೆದೇವರುಗಳಿಂದ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಮದುವೆಯಿಲ್ಲ. ಬೆಡಗು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಪುರುಷರಲ್ಲಿರುವ ವೈ ವರ್ಣತಂತುವೂ ತಂದೆಯಿಂದ ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ. ಎರಡೂ ಜೊತೆಜೊತೆಯಾಗಿ ಹರಿಯಬೇಕಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ ಹಾಗೆ ಹರಿಯದಿರಲು ಯಾವ ಗುಟ್ಟೂ ಬೇಕಾಗಿಲ್ಲ. ಗಂಡು ಸಂತಾನವಿಲ್ಲದ ಮನೆಯವರು ಮಗಳನ್ನು ಮದುವೆ ಮಾಡದೆ ದೇವರಿಗೆ ಅರ್ಪಿಸಿ ಬಸವಿ ಬಿಡುವ ಪದ್ಧತಿ ಹಳೆಯ ಮೈಸೂರು ಸೀಮೆಯ ಹಲವು ಸಮುದಾಯಗಳಲ್ಲಿತ್ತು, ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಜಾತಿ, ಬುಡಕಟ್ಟುಗಳ ಸಂಪುಟಗಳು ಅದನ್ನು ದಾಖಲಿಸಿವೆ. ಬಸವಿಯ ಮಕ್ಕಳು ತಾಯಿಯ ತಂದೆಯ ಮನೆತನಕ್ಕೆ ಸೇರಿ, ಅದೇ ಬೆಡಗನ್ನು ಹೇಳಿಕೊಂಡು, ಅಲ್ಲಿನ ಆಸ್ತಿಗೆ ಹಕ್ಕುದಾರರಾಗುತ್ತಿದ್ದರು. ಆ ಪದ್ಧತಿ ಹೆಣ್ಣುಮಕ್ಕಳ ಮೇಲೆ ಹೊರಿಸಿದ ಅನ್ಯಾಯ. ರಾಜ್ಯದಲ್ಲಿ 1982ರ ಕಾಯ್ದೆ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಆದರೆ ಅಂಥ ಮನೆತನದ ಇಂದಿನ ಮರಿಮಗನ ವೈ ವರ್ಣತಂತು ಬೆಡಗಿನ ಉಳಿದವರೊಂದಿಗೆ ಹೊಂದದಿದ್ದರೆ ಅದರಲ್ಲಿ ಬಯಲಾಗಬೇಕಾದ ರಹಸ್ಯವೇನೂ ಇಲ್ಲ. ಅದು ಅಂದಿನ ಊರಿಗೆಲ್ಲ ತಿಳಿದಿದ್ದ ಸಂಗತಿ. ದತ್ತು ಬಂದವನು, ಸಾಕುಮಗ, ಕೂಡಾವಳಿಯಾದ ವಿಧವೆಯ ಜೊತೆಯಲ್ಲಿ ಹೊಸ ಮನೆಗೆ ಬಂದ ಮೊದಲ ಗಂಡನ ಮಗ, ಇವರ ಕಥೆಯೂ ಹೀಗೆಯೇ. 1876–78ರ ಭೀಕರ ಕ್ಷಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಒಳಗೆ ಬಿದ್ದಿತ್ತು. ಅಷ್ಟು ಸಾವಿನ ನಡುವೆ ತಬ್ಬಲಿಯಾದ ಮಕ್ಕಳನ್ನು ಯಾರು ಯಾರೋ ಸಾಕಿಕೊಂಡರು. ಸಾಕಿದ ಮನೆಯ ಹೆಸರೇ ಅವರ ಹೆಸರಾಯಿತು.

ಹಾಗಾಗಿ ಮೊದಲು ಕೇಳಬೇಕಾದದ್ದು, ಈ ಮನೆಯಲ್ಲಿ ವಂಶ ಯಾವ ದಾರಿಯಲ್ಲಿ ಇಳಿದುಬಂತು ಎಂಬುದನ್ನು. ಅದಕ್ಕೆ ಉತ್ತರ ಪ್ರಯೋಗಾಲಯದಲ್ಲಿ ಸಿಗುವುದಿಲ್ಲ. ಕುಟುಂಬಗಳ ವಂಶಾವಳಿ ಹೇಳುವುದನ್ನೇ ಕಸುಬಾಗಿಸಿಕೊಂಡ ಹೆಳವರು ಎತ್ತಿನ ಮೇಲೆ ಊರೂರಿಗೆ ಬಂದು, ಒಕ್ಕಲುಗಳ ಮೂಲ, ವಲಸೆ, ಕವಲುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಿದ್ದರು. ಪಟೇಲ, ಶ್ಯಾನುಭೋಗರ ಕಾಲದ ಲೆಕ್ಕಪತ್ರಗಳು ಇನ್ನೊಂದು ಆಕರ; ವಂಶಪಾರಂಪರ್ಯ ಗ್ರಾಮಾಧಿಕಾರವನ್ನು ರದ್ದುಪಡಿಸುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಅಂಥ ಕಾಗದಗಳನ್ನು ಕಾಪಾಡುವ ಹೊಣೆ ಕೈಬದಲಾಯಿತು. ಹೆಳವರು ತಮಗೆ ಕಾಳು ಕೊಡುವ ಒಕ್ಕಲಿಗೆ ಇಷ್ಟವಾಗುವುದನ್ನೇ ಹೇಳುತ್ತಾರೆ, ಅದನ್ನು ಸಾಕ್ಷ್ಯವೆನ್ನುವುದು ಹೇಗೆ ಎಂಬ ಆಕ್ಷೇಪಣೆಗೆ ಬೆಲೆಯಿದೆ. ಆದರೆ ಒಂದೇ ಮೂಲದಿಂದ ಒಡೆದು ಬೇರೆ ಊರಿಗೆ ಹೋದ ಕವಲುಗಳಲ್ಲಿ ಅವರು ಹೇಳಿದ್ದನ್ನು ಪಕ್ಕಪಕ್ಕಕ್ಕೆ ಇಟ್ಟರೆ, ಒಂದು ಮನೆಯಲ್ಲಿ ಮುಚ್ಚಿದ್ದು ಇನ್ನೊಂದರಲ್ಲಿ ಹೊರಬೀಳುವ ಸಂಭವವಿರುತ್ತದೆ. ಪಾವಗಡದ ಕುಟುಂಬಗಳ ನೆಂಟಸ್ತಿಕೆ ಆಂಧ್ರದ ಮಡಕಶಿರಾ, ಹಿಂದೂಪುರ, ಪೆನುಕೊಂಡಗಳವರೆಗೆ ಹಬ್ಬಿರುವುದರಿಂದ ಈ ಹೋಲಿಕೆ ರಾಜ್ಯದ ಗಡಿಯನ್ನು ದಾಟಿಯೇ ನಡೆಯಬೇಕು.

ಈಗ ಪರೀಕ್ಷೆಯ ವಿಷಯ. ತಂದೆಯೆಂದು ಹೇಳಲಾದವನು, ತಾಯಿ, ಮಗು ಮೂವರೂ ಬದುಕಿದ್ದರೆ ಕೆಲಸ ಸುಲಭ. ಇಪ್ಪತ್ತರ ಆಸುಪಾಸಿನ ಗುರುತುಸ್ಥಾನಗಳನ್ನು ಹೋಲಿಸಿ, ಪ್ರತಿಯೊಂದರಲ್ಲೂ ಮಗುವಿನ ಒಂದು ಪಾಲು ತಾಯಿಯದು, ಇನ್ನೊಂದು ಆತನದು ಎಂದು ಕಂಡರೆ ಸಂಭಾವ್ಯತೆ ನೂರಕ್ಕೆ 99.99ನ್ನೂ ದಾಟುತ್ತದೆ, ಹಲವು ಸ್ಥಾನಗಳಲ್ಲಿ ಹೊಂದದಿದ್ದರೆ ಆತ ತಂದೆಯಲ್ಲ. ಒಂದೇ ಒಂದು ಕಡೆ ಹೊಂದದಿದ್ದರೆ ಅದು ಮಾರ್ಪಾಟಿನಿಂದಲೂ ಆಗಿರಬಹುದಾದ್ದರಿಂದ ಅಷ್ಟಕ್ಕೇ ತಳ್ಳಿಹಾಕುವುದಿಲ್ಲ. ವಂಶಚರಿತ್ರೆಯಲ್ಲಿ ಮಾತ್ರ ಈ ಮೂವರು ಒಟ್ಟಿಗೆ ಸಿಗುವುದೇ ಅಪರೂಪ. ಸಂಶಯ ಅಜ್ಜನ ಬಗ್ಗೆಯೋ ಮುತ್ತಜ್ಜನ ಬಗ್ಗೆಯೋ ಇರುತ್ತದೆ, ಸಿಗುವವರು ಮೊಮ್ಮಕ್ಕಳು. ಆಗ ವೈ ಪರೀಕ್ಷೆಯ ಮೊರೆಹೋಗುತ್ತಾರೆ. ಅದರ ಮಿತಿಯನ್ನು ಜಗತ್ತಿಗೆ ತೋರಿಸಿದ್ದು 1998ರಲ್ಲಿ ಪ್ರಕಟವಾದ ಅಮೆರಿಕದ ಜೆಫರ್ಸನ್ ಪ್ರಕರಣ. ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ದೊಡ್ಡಪ್ಪನ ಸಾಲಿನ ಗಂಡು ಸಂತತಿಯ ವೈ ವರ್ಣತಂತು, ಅವರ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಮಗ ಎಸ್ಟನ್‌ನ ಸಂತತಿಗೆ ಹೊಂದಿತು. ತಂದೆ ಆ ಮನೆತನದ ಒಬ್ಬ ಗಂಡಸು ಎಂಬಷ್ಟನ್ನೇ ಅದು ಹೇಳಿತು. ಯಾವ ಗಂಡಸು ಎಂಬುದನ್ನು ತೀರ್ಮಾನಿಸಲು ಇತಿಹಾಸಕಾರರು ಆ ವರ್ಷಗಳಲ್ಲಿ ಯಾರು ಯಾವಾಗ ಮನೆಯಲ್ಲಿದ್ದರು ಎಂಬ ದಾಖಲೆಗಳಿಗೆ ಮರಳಬೇಕಾಯಿತು. ನಮ್ಮ ಕೂಡುಕುಟುಂಬಗಳಲ್ಲಿ ಪಿತೃತ್ವದ ಸಂಶಯ ಅಣ್ಣತಮ್ಮಂದಿರ ನಡುವೆ, ದಾಯಾದಿಗಳ ನಡುವೆ ಎದ್ದರೆ ವೈ ಪರೀಕ್ಷೆ ಇಬ್ಬರಿಗೂ ಒಂದೇ ಉತ್ತರ ಕೊಡುತ್ತದೆ. ಉತ್ತರ ಬೇಕಾದ ಜಾಗದಲ್ಲೇ ಅದು ಮೌನ.

ಉಳಿದಿರುವುದು ಎಲ್ಲ ವರ್ಣತಂತುಗಳನ್ನೂ ಹೋಲಿಸುವ ಪರೀಕ್ಷೆ. ಇಬ್ಬರ ನಡುವೆ ಹಂಚಿಹೋದ ಡಿಎನ್‌ಎಯನ್ನು ಸೆಂಟಿಮಾರ್ಗನ್ ಎಂಬ ಮಾನದಲ್ಲಿ ಅಳೆದು, ಇವರು ಮಲಸೋದರರೋ, ಅಜ್ಜ ಒಬ್ಬನೇ ಆದ ಮೊಮ್ಮಕ್ಕಳೋ ಎಂದು ಊಹಿಸುವ ಕ್ರಮವಿದು. ಮಲಸೋದರರಿಗೆ ಸರಾಸರಿ 1,750ರ ಸುತ್ತ, ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳಿಗೆ 870ರ ಸುತ್ತ ಎಂಬಂಥ ಕೋಷ್ಟಕಗಳು ಬಳಕೆಯಲ್ಲಿವೆ. ಅವು ತಯಾರಾದದ್ದು ಬಹುಪಾಲು ಯುರೋಪ್ ಮೂಲದವರಿಂದ, ಅಂದರೆ ಗಂಡಹೆಂಡಿರು ಪರಸ್ಪರ ರಕ್ತಸಂಬಂಧಿಗಳಲ್ಲ ಎಂದು ಭಾವಿಸಿಕೊಂಡು. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ಸೀಮೆಯಲ್ಲಿ ಆ ಭಾವನೆಯೇ ತಪ್ಪು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದಲ್ಲಿ ಆದವು. ಮುತ್ತಜ್ಜಂದಿರ ಕಾಲದಲ್ಲಿ ಇದು ಇನ್ನೂ ಹೆಚ್ಚಿದ್ದಿರಬೇಕು. ಲೆಕ್ಕ ಹೇಗೆ ಬದಲಾಗುತ್ತದೆ ನೋಡಿ. ಅಣ್ಣತಮ್ಮಂದಿರಲ್ಲಿ ಅಣ್ಣನು ಅಕ್ಕನ ಮಗಳನ್ನು ಮದುವೆಯಾಗಿ ಮಗು ಹುಟ್ಟಿದೆ ಎನ್ನೋಣ. ತಮ್ಮನು ಆ ಮಗುವಿಗೆ ಚಿಕ್ಕಪ್ಪನಾಗಿ ನಾಲ್ಕನೇ ಒಂದು ಪಾಲು, ತಾಯಿಯ ಸೋದರಮಾವನಾಗಿ ಎಂಟನೇ ಒಂದು ಪಾಲು, ಒಟ್ಟು ಎಂಟರಲ್ಲಿ ಮೂರು ಪಾಲು ಹತ್ತಿರದವನು. ಬೇರೆಡೆಯ ಚಿಕ್ಕಪ್ಪನಿಗೆ ಎಂಟರಲ್ಲಿ ಎರಡು ಪಾಲು ಮಾತ್ರ. ಇದು ಒಂದೇ ತಲೆಮಾರಿನ ಲೆಕ್ಕ. ಕೊಟ್ಟು ತರುವುದು ಮೂರು ನಾಲ್ಕು ತಲೆಮಾರು ನಡೆದ ಮನೆಗಳಲ್ಲಿ ದೂರದ ನೆಂಟರು ಹತ್ತಿರದವರಂತೆ, ಹತ್ತಿರದವರು ಇನ್ನೂ ಹತ್ತಿರದವರಂತೆ ಕಾಣುತ್ತಾರೆ. ಕುಟುಂಬದ ಹಿರಿಯರನ್ನು ಕೇಳಿ, ಯಾರಿಗೆ ಯಾರನ್ನು ಕೊಟ್ಟಿತ್ತು ಎಂಬ ಪಟ್ಟಿಯನ್ನು ಬರೆದು, ಅದರ ಮೇಲೆ ಹೊಸದಾಗಿ ಲೆಕ್ಕ ಹಾಕದೆ ವಿದೇಶಿ ಕೋಷ್ಟಕದ ಅಂಕಿಯನ್ನು ನಂಬಿದರೆ, ದೊಡ್ಡಪ್ಪನ ಮೊಮ್ಮಗನನ್ನು ಮಲಸೋದರನೆಂದು ಬರೆದುಬಿಡುವ ಅಪಾಯವಿದೆ. ಇದರ ಜೊತೆಗೆ ಸಮುದಾಯದೊಳಗಿನ ಹಳೆಯ ಒಳಮದುವೆಯೂ ಸೇರಿಕೊಳ್ಳುತ್ತದೆ. ಸಿಸಿಎಂಬಿಯ ಕುಮಾರಸ್ವಾಮಿ ತಂಗರಾಜ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಪೈಕಿ 81ರಲ್ಲಿ, ಕೆಲವೇ ಪೂರ್ವಜರಿಂದ ಬೆಳೆದುಬಂದ ಗುರುತು ಬಹಳ ಬಲವಾಗಿ ಕಂಡಿತು.

ಹಾಗಾದರೆ ಕಾನೂನು ಏನು ಹೇಳುತ್ತದೆ? ಮದುವೆ ಊರ್ಜಿತದಲ್ಲಿರುವಾಗ, ಅಥವಾ ಅದು ಕೊನೆಗೊಂಡ 280 ದಿನಗಳೊಳಗೆ ಹುಟ್ಟಿದ ಮಗು ಆ ಗಂಡನದೇ ಎಂದು 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಅದನ್ನೇ ಹೇಳುತ್ತದೆ. ಗಂಡಹೆಂಡಿರು ಸೇರುವ ಅವಕಾಶವೇ ಇರಲಿಲ್ಲವೆಂದು ತೋರಿಸಿದರೆ ಮಾತ್ರ ಈ ಭಾವನೆ ಕಳಚುತ್ತದೆ. ಸಂಶಯ ಬಂದಾಗಲೆಲ್ಲ ಪರೀಕ್ಷೆಗೆ ಆದೇಶಿಸಬಾರದು ಎಂದು ಸರ್ವೋಚ್ಚ ನ್ಯಾಯಾಲಯ 1993ರಿಂದಲೂ ಹೇಳುತ್ತಾ ಬಂದಿದೆ. ಆಸ್ತಿಯ ದಾವೆಯೊಂದರಲ್ಲಿ ಒಪ್ಪದವನನ್ನು ಪರೀಕ್ಷೆಗೆ ಬಲವಂತಪಡಿಸಲಾಗದು ಎಂದು 2021ರಲ್ಲಿ ತೀರ್ಪಿತ್ತಿತು. ಇನ್ನೊಂದು ಬದಿಯೂ ಇದೆ. ರಾಜಕಾರಣಿ ಎನ್.ಡಿ. ತಿವಾರಿ ಅವರ ಪ್ರಕರಣದಲ್ಲಿ 2012ರಲ್ಲಿ ರಕ್ತದ ಮಾದರಿ ಕೊಡಿಸಲಾಯಿತು, ಪಿತೃತ್ವ ಸಾಬೀತಾಯಿತು. ಪರೀಕ್ಷೆ ಆಗಿಹೋಗಿರುವಾಗ ಕಾನೂನಿನ ಭಾವನೆಗಿಂತ ಸತ್ಯ ಮೇಲು ಎಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು, ಅಸಿಂಧುವಾದ ಮದುವೆಯ ಮಕ್ಕಳಿಗೂ ಕೂಡುಕುಟುಂಬದ ಆಸ್ತಿಯಲ್ಲಿ ತಂದೆತಾಯಿಗೆ ಬರುವ ಪಾಲಿನಲ್ಲಿ ಹಕ್ಕಿದೆ ಎಂದು ತೀರ್ಮಾನವಾದ ಮೇಲೆ ಎರಡನೇ ಸಂಸಾರದ ಮಕ್ಕಳ ಪಾಲಿಗೆ ತಂದೆಯ ಹೆಸರಿನ ತೂಕ ಹೆಚ್ಚಿದೆ. ಆಸ್ತಿಯ ಸ್ವರೂಪವೂ ಈ ಸೀಮೆಯಲ್ಲಿ ಬದಲಾಗಿದೆ. ಪಾವಗಡದಲ್ಲಿ ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಕಟ್ಟಲಾಗಿದೆ. ಮಳೆ ನಂಬಿದ ಒಣ ಹೊಲ ವರ್ಷವರ್ಷ ನಗದು ತರುವ ಆಸ್ತಿಯಾದಾಗ ಪಹಣಿಯಲ್ಲಿರುವ ಹೆಸರು, ಪೌತಿ ಖಾತೆಗೆ ಕೊಡುವ ವಂಶವೃಕ್ಷ, ಎರಡೂ ತಗಾದೆಯ ವಸ್ತುವಾಗಬಲ್ಲವು. ವಂಶವೃಕ್ಷ ನಿಲ್ಲುವುದು ಪ್ರಮಾಣಪತ್ರ ಮತ್ತು ಸ್ಥಳ ಮಹಜರಿನ ಮೇಲೆ. ಖಾತೆ ಬದಲಾವಣೆಯ ಮೇಲ್ಮನವಿ ಉಪವಿಭಾಗಾಧಿಕಾರಿಗೆ ಹೋಗುತ್ತದೆ. ತಂದೆ ಯಾರೆಂಬ ತಕರಾರು ಮಾತ್ರ ಸಿವಿಲ್ ನ್ಯಾಯಾಲಯದ್ದು.

ಸತ್ಯ ಮೇಲು ಎಂದ ಮೇಲೆ ಸಂಶೋಧಕನೇಕೆ ಹಿಂಜರಿಯಬೇಕು ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪಣೆ. ತನ್ನ ತಂದೆ ಯಾರೆಂದು ತಿಳಿಯುವ ಮಗುವಿನ ಬಯಕೆ ನ್ಯಾಯವಾದದ್ದೇ. ಜೀವನಾಂಶಕ್ಕೆ, ಪಾಲಿಗೆ ಹೋರಾಡುವವರಿಗೆ ಅದು ಬದುಕಿನ ಪ್ರಶ್ನೆ. ಆದರೆ ಮುತ್ತಜ್ಜನ ಜನ್ಮ ಕೆದಕುವ ವಂಶಚರಿತ್ರಕಾರನಿಗೆ ಆ ತುರ್ತು ಇಲ್ಲ. ಅವನ ಪರೀಕ್ಷೆಯಿಂದ ಸಂಶಯಕ್ಕೆ ಗುರಿಯಾಗುವುದು ಹೆಚ್ಚಾಗಿ ಒಬ್ಬ ಹೆಣ್ಣು, ಅದೂ ಉತ್ತರ ಹೇಳಲು ಈಗ ಇಲ್ಲದವಳು. ಅವಳನ್ನು ಆ ಸ್ಥಿತಿಗೆ ತಂದ ಗಂಡಸಿನ ಹೆಸರು ಹೊರಗೆ ಬರದೆಯೂ ಉಳಿಯಬಹುದು. ಒಬ್ಬರು ಎಂಜಲಿನ ಮಾದರಿ ಕೊಟ್ಟರೆ ಅವರ ಅಣ್ಣತಮ್ಮಂದಿರ, ಅತ್ತೆಯ ಮಕ್ಕಳ ಗುಟ್ಟೂ ಅದರಲ್ಲಿರುತ್ತದೆ. ಅಮೆರಿಕದ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ನಮ್ಮಲ್ಲಿ ಡಿಎನ್‌ಎ ಬಳಕೆಯನ್ನು ನಿಯಂತ್ರಿಸಲು 2019ರಲ್ಲಿ ಮಂಡಿಸಿದ್ದ ಮಸೂದೆಯನ್ನು 2023ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಹೀಗಿರುವಾಗ ಪರೀಕ್ಷೆಗೆ ಒಳಗಾಗುವ ಪ್ರತಿಯೊಬ್ಬರೂ, ಉತ್ತರ ಏನೇ ಬರಲಿ ಎಂದು ಮುಂಚಿತವಾಗಿ ಒಪ್ಪಿದರೆ ಮಾತ್ರ ಮುಂದುವರಿಯುವುದು ಸರಿ. ಒಪ್ಪದವರ ಮೌನವನ್ನು ತಪ್ಪೊಪ್ಪಿಗೆಯೆಂದು ಬರೆಯಬಾರದು.

ಡಿಎನ್‌ಎ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳುತ್ತ ಹೋದರೆ ಹಿರಿಯರು ತೀರಿಕೊಂಡು ಮಾದರಿಯೇ ಸಿಗದೆ ಹೋಗುವುದಿಲ್ಲವೇ ಎಂದು ಕೇಳಬಹುದು. ಮಾತು ನಿಜ, ಒಂದೊಂದು ತಲೆಮಾರು ಕಳೆದಂತೆ ಅಜ್ಜನ ಪಾಲು ಅರ್ಧರ್ಧವಾಗುತ್ತದೆ, ಎಂಬತ್ತು ದಾಟಿದ ಅಜ್ಜಿಯ ಮಾದರಿ ಮೊಮ್ಮಗನ ಮಾದರಿಗಿಂತ ಎಷ್ಟೋ ಪಾಲು ಮೇಲು. ಆದರೆ ಮಾದರಿ ತೆಗೆದಿಡುವುದು ಬೇರೆ, ಪರೀಕ್ಷಿಸುವುದು ಬೇರೆ. ಒಪ್ಪಿಗೆಯಿಂದ ತೆಗೆದ ಮಾದರಿಯನ್ನು ಸರಿಯಾಗಿ ಕಾಪಾಡಿದರೆ ಅದು ವರ್ಷಗಟ್ಟಲೆ ಉಳಿಯುತ್ತದೆ. ಅದೇ ಅಜ್ಜಿಗೆ ಗೊತ್ತಿರುವ ಕೂಡಾವಳಿ, ದತ್ತು, ಕೊಟ್ಟು ತಂದ ಸಂಬಂಧಗಳ ವಿವರ ಅವರೊಂದಿಗೇ ಹೋಗುತ್ತದೆ, ಯಾವ ಪ್ರಯೋಗಾಲಯವೂ ಅದನ್ನು ಮರಳಿಸಲಾರದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ವಂಶ ಹುಡುಕಲು ಹೊರಟವರು ಮೊದಲು ಆ ಮಾತನ್ನು ತಾರೀಖು ಹಾಕಿ ಬರೆದುಕೊಳ್ಳಬೇಕು. ಮುಂದೆ ಪರೀಕ್ಷೆ ಮಾಡಿಸಿದರೂ ಅದರ ಫಲವನ್ನು ವಂಶವೃಕ್ಷದಲ್ಲಿ ಬೇರೆ ಸಾಲಾಗಿ ಬರೆಯಲಿ, ಸಾಕಿ ಬೆಳೆಸಿದ ತಂದೆಯ ಹೆಸರನ್ನು ಮಾತ್ರ ಹೊಡೆದುಹಾಕದಿರಲಿ.