ಭಕ್ಷ್ಯ ಹಕ್ಕಿಗೂಡು: ಹಕ್ಕಿಮನೆಗಳ ನೋಂದಣಿ ಮತ್ತು ವಿದ್ಯುನ್ಮಾನ ಜಾಡಿನ ಇತಿಹಾಸ

ಆಗ್ನೇಯ ಏಷ್ಯದ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ, ಮಲಯ ಭಾಷೆಯವರು ವಾಲಿತ್ ಎಂದು ಕರೆಯುವುದು, ತನ್ನ ಜೊಲ್ಲನ್ನೇ ಎಳೆಯೆಳೆಯಾಗಿ ಗೋಡೆಗೆ ಅಂಟಿಸಿ ಕಟ್ಟುವ ಅರ್ಧಬಟ್ಟಲಿನಾಕಾರದ ಗೂಡು ಚೀನೀಯರ ಪಾಕಶಾಸ್ತ್ರದಲ್ಲಿಯೂ ವೈದ್ಯದಲ್ಲಿಯೂ ಶತಮಾನಗಳಿಂದ ಮಾನ್ಯವಾದ ಪದಾರ್ಥ. ಅದು ಯಾವ ಕಟ್ಟಡದ ತೊಲೆಯಿಂದ ಇಳಿಯಿತು, ಯಾವ ಕಾರ್ಖಾನೆಯಲ್ಲಿ ಶುದ್ಧಿಗೊಂಡಿತು, ಯಾವ ಪೆಟ್ಟಿಗೆಯಲ್ಲಿ ಸಮುದ್ರ ದಾಟಿತು ಎಂಬುದನ್ನು ಸಂಖ್ಯೆಗಳ ಮೂಲಕ ಹಿಂದಕ್ಕೆ ಹುಡುಕಿ ಹೇಳಬಲ್ಲ ವ್ಯವಸ್ಥೆಗೆ ಇನ್ನೂ ಎರಡು ದಶಕ ತುಂಬಿಲ್ಲ. ಈ ವಿಷಯವನ್ನು ಕುರಿತ ಬರೆಹಗಳಲ್ಲಿ ಒಂದು ಗೊಂದಲ ಮರಳಿಮರಳಿ ಕಾಣಿಸುತ್ತದೆ: ಉತ್ಪಾದಕ ದೇಶದ ಪಶುವೈದ್ಯ ಇಲಾಖೆ ಹಕ್ಕಿಮನೆಗೆ ಕೊಡುವ ಸಂಖ್ಯೆ, ಶುದ್ಧೀಕರಣ ಕಾರ್ಖಾನೆಗೆ ಚೀನಾ ಸರ್ಕಾರ ನೀಡುವ ಮಾನ್ಯತೆ, ಅಂಗಡಿಯ ಡಬ್ಬಿಯ ಮೇಲೆ ಗ್ರಾಹಕನು ಕಾಣುವ ಸಂಕೇತ, ಈ ಮೂರನ್ನೂ ಒಂದೇ ಎಂದು ಬಗೆಯುವವರೇ ಹೆಚ್ಚು. ಇವು ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಕಾರಣಗಳಿಂದ ಹುಟ್ಟಿದ ಮೂರು ದಫ್ತರಗಳು. ಇವುಗಳ ನಡುವಣ ಸಂಧಿಗಳಲ್ಲಿಯೇ ಈ ಇತಿಹಾಸದ ಕಠಿಣ ಪ್ರಶ್ನೆಗಳೆಲ್ಲ ಅಡಗಿವೆ.

ಗುಹೆಗಳ ಕಾಲವನ್ನು ವಿಸ್ತರಿಸುವ ಅಗತ್ಯವಿಲ್ಲ. ಬೋರ್ನಿಯೋ ದ್ವೀಪದ ನಿಯಾ, ಗೊಮಂತೊಂಗ್ ಮೊದಲಾದ ಗುಹೆಗಳಲ್ಲಿ ಬೆತ್ತದ ಏಣಿಗಳನ್ನೇರಿ ಗೂಡು ಇಳಿಸುವವರ ಸಾಹಸವನ್ನು ಪ್ರವಾಸಿಗಳು ಸಾಕಷ್ಟು ವರ್ಣಿಸಿದ್ದಾರೆ. ನಿಯಾದಲ್ಲಿ ಗುಹೆಯ ಭಾಗಭಾಗಕ್ಕೂ ವಂಶಪಾರಂಪರ್ಯದ ಹಕ್ಕುದಾರರಿದ್ದರೆಂಬುದನ್ನು ಮಾತ್ರ ಇಲ್ಲಿ ನೆನೆಯಬೇಕು. ಯಾವ ಗೂಡು ಯಾರದು ಎಂಬ ಅರಿವು ಯಂತ್ರಗಳು ಬರುವುದಕ್ಕೆ ಬಹಳ ಮೊದಲೇ ಜನರಲ್ಲಿತ್ತು. ನಮ್ಮ ಕರಾವಳಿಯ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದಲ್ಲಿಯೂ ಇದರ ಬಂಧುವಾದ ಭಾರತೀಯ ಜಾತಿಯ ಹಕ್ಕಿಗಳು ಗೂಡು ಕಟ್ಟುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪಕ್ಷಿಶಾಸ್ತ್ರಜ್ಞ ಜೆರ್ಡನ್ ದಾಖಲಿಸಿದ್ದನು. ಆದರೆ ಇಲ್ಲಿ ಹೇಳಹೊರಟ ಕಥೆ ಗುಹೆಯದಲ್ಲ, ಮನೆಯದು.

ಹಕ್ಕಿಯು ಮನೆಗೆ ಬಂದದ್ದು ಜಾವಾ ದ್ವೀಪದಲ್ಲಿ. ಗ್ರೆಸಿಕ್ ಸಮೀಪದ ಸೆದಾಯು ಊರಿನ ಪಾಳುಮನೆಯೊಂದರಲ್ಲಿ 1880ರ ಸುಮಾರಿಗೆ ಹಕ್ಕಿಗಳು ತಾವಾಗಿ ನೆಲಸಿದುವೆಂಬುದು ಪ್ರಚಲಿತ ಹೇಳಿಕೆ. ಅದನ್ನು ಐತಿಹ್ಯವೆಂದು ಗ್ರಹಿಸುವುದೇ ಕ್ಷೇಮ. ಮಲೇಷ್ಯಾದಲ್ಲಿ ಈ ಕಸುಬು ಹಬ್ಬಿದ್ದು 1997ರ ಆರ್ಥಿಕ ಕುಸಿತದ ತರುವಾಯ, ಖಾಲಿ ಬಿದ್ದ ಅಂಗಡಿಮನೆಗಳ ಕಿಟಕಿಗಳನ್ನು ಮುಚ್ಚಿ, ಹಕ್ಕಿಗಳು ನುಗ್ಗುವಷ್ಟು ಕಂಡಿಯನ್ನು ಮಾತ್ರ ಉಳಿಸಿ, ಒಳಗೆ ಕತ್ತಲನ್ನೂ ತೇವವನ್ನೂ ಕಾಪಾಡಿ, ಮುದ್ರಿಸಿಕೊಂಡ ಹಕ್ಕಿಕೂಗನ್ನು ಧ್ವನಿವರ್ಧಕದಲ್ಲಿ ಹಾಕಿ ಹಕ್ಕಿಗಳನ್ನು ಕರೆಯುವ ವಿದ್ಯೆ ಊರೂರಿಗೆ ವ್ಯಾಪಿಸಿದಾಗ.

ಇಲ್ಲಿಯೇ ನೋಂದಣಿಯ ಮೂಲಸಮಸ್ಯೆ ತಲೆದೋರಿತು. ಕೋಳಿಸಾಕಣೆಯವನು ಕೋಳಿಗೆ ಮೇವು ಹಾಕುತ್ತಾನೆ, ಎಣಿಸುತ್ತಾನೆ, ಮಾರುತ್ತಾನೆ. ವಾಲಿತ್ ಮನೆಯ ಒಡೆಯನು ಹಕ್ಕಿಗೆ ಏನನ್ನೂ ಕೊಡನು, ಅದು ಹಗಲೆಲ್ಲ ಆಕಾಶದಲ್ಲಿ ಕೀಟಗಳನ್ನು ತಿಂದು ಸಂಜೆ ತನ್ನ ಇಚ್ಛೆಯಿಂದ ಮರಳುತ್ತದೆ, ಮನಸ್ಸಾಗದಿದ್ದರೆ ಮರಳುವುದೂ ಇಲ್ಲ. ಇಂಥ ಜೀವಿ ಕಾಡುಹಕ್ಕಿಯೋ ಸಾಕುಪ್ರಾಣಿಯೋ? ಕಾಡುಹಕ್ಕಿಯಾದರೆ ವನ್ಯಜೀವಿ ಇಲಾಖೆಯ ಪರವಾನಗಿ ಬೇಕು. ಸಾಕುಪ್ರಾಣಿಯಾದರೆ ಪಶುವೈದ್ಯ ಇಲಾಖೆಯ ಪುಸ್ತಕಕ್ಕೆ ಸೇರಬೇಕು. ಊರ ನಡುವಣ ಕಟ್ಟಡವೆಂದರೆ ನಗರಾಡಳಿತದ ಅನುಮತಿ ಬೇಕು. ಸರವಾಕ್ ರಾಜ್ಯ ತನ್ನ 1998ರ ವನ್ಯಜೀವಿ ಶಾಸನದನ್ವಯ ಹಕ್ಕಿಮನೆಗಳನ್ನು ಕಂಡಿತು. 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪೆನಾಂಗಿನ ಜಾರ್ಜ್‌ಟೌನ್, ಹಳೆಯ ಕಟ್ಟಡಗಳೊಳಗಣ ಹಕ್ಕಿಮನೆಗಳನ್ನು ತೆರವುಗೊಳಿಸುವ ನಿರ್ಧಾರಕ್ಕೆ ಬಂದಿತು. ಮಲೇಷ್ಯಾ ಸರ್ಕಾರ 2009ರಲ್ಲಿ ಸಾಕಣೆಯ ಶಿಷ್ಟಾಚಾರಕ್ಕೆ ಎಂಎಸ್ 2273 ಎಂಬ ರಾಷ್ಟ್ರೀಯ ಮಾನಕವನ್ನೂ, 2010ರಲ್ಲಿ ಎಲ್ಲ ಇಲಾಖೆಗಳಿಗೂ ಏಕರೂಪವಾದ 1ಜಿಪಿ ಎಂಬ ಮಾರ್ಗಸೂಚಿಯನ್ನೂ ಹೊರಡಿಸಿದ್ದು ಈ ಜಟಿಲತೆಯನ್ನು ಬಿಡಿಸಲೆಂದೇ. ವಿದ್ಯುನ್ಮಾನ ಚೀಟಿಗಳಿಂದ ಈ ಇತಿಹಾಸ ಆರಂಭವಾಯಿತೆಂಬ ರೂಢಿಯ ಹೇಳಿಕೆಗಿಂತ, ಹಕ್ಕಿಯನ್ನು ಬಿಟ್ಟು ಗೋಡೆಯನ್ನು ದಾಖಲಿಸುವ ಈ ನಿರ್ಧಾರವನ್ನೇ ಮೊದಲ ತಿರುವೆಂದು ಗಣಿಸುವುದು ಯುಕ್ತ. ಹಕ್ಕಿಯ ವಂಶದ ಪ್ರಶ್ನೆ ಅಷ್ಟರಿಂದ ಮುಗಿಯಲಿಲ್ಲವೆಂಬುದೂ ನಿಜ: ಮನೆಹಕ್ಕಿಗಳ ಮೂಲವೇನೆಂಬುದನ್ನು, ನಿಯಾ ಗುಹೆಗಳಲ್ಲಿ 1950ರ ದಶಕದಿಂದ ಇವುಗಳನ್ನು ಅಭ್ಯಸಿಸಿದ್ದ ಅರ್ಲ್ ಆಫ್ ಕ್ರಾನ್‌ಬ್ರೂಕ್ ತಮ್ಮ ಸಹೋದ್ಯೋಗಿಗಳೊಡನೆ 2013ರಷ್ಟು ಈಚೆಗೂ ಹೊಸದಾಗಿ ವಿಮರ್ಶಿಸಬೇಕಾಯಿತು.

ಎರಡನೆಯ ತಿರುವು 2011ರದು. ಆ ವರ್ಷದ ಬೇಸಗೆಯಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಅಧಿಕಾರಿಗಳು, 'ರಕ್ತಗೂಡು' ಎಂದು ಅಧಿಕ ಬೆಲೆಗೆ ಮಾರಾಟವಾಗುತ್ತಿದ್ದ ಕೆಂಪು ಗೂಡುಗಳನ್ನು ಪರೀಕ್ಷಿಸಿ, ಕಿಲೋಗ್ರಾಮಿಗೆ ಸರಾಸರಿ 4,400 ಮಿಲಿಗ್ರಾಮಿನಷ್ಟು ನೈಟ್ರೈಟ್ ಇರುವುದನ್ನು ಪ್ರಕಟಿಸಿದರು. ಕೆಂಪು ಗೂಡಿಗೆ ಹಕ್ಕಿಯ ರಕ್ತ ಬೆರೆತಿರುತ್ತದೆಂಬ ಬಹುಕಾಲದ ನಂಬಿಕೆಯೂ, ಮಲೇಷ್ಯಾದಿಂದ ಚೀನಾಕ್ಕೆ ಹರಿಯುತ್ತಿದ್ದ ವ್ಯಾಪಾರವೂ ಒಟ್ಟಿಗೇ ಕುಸಿದವು. ಚೀನಾ ಆಮದನ್ನು ನಿಲ್ಲಿಸಿತು. 2012ರಲ್ಲಿ ಅದರ ಆರೋಗ್ಯ ಸಚಿವಾಲಯ ಕಿಲೋಗ್ರಾಮಿಗೆ 30 ಮಿಲಿಗ್ರಾಂ ಎಂಬ ಮಿತಿಯನ್ನು ವಿಧಿಸಿತು.

ಆ ಕೆಂಪು ಎಲ್ಲಿಂದ ಬಂದಿತೆಂಬ ವಿಷಯದಲ್ಲಿ ಮೂಲಗಳು ಪರಸ್ಪರ ವಿರೋಧಿಸುತ್ತವೆ. ವರ್ತಕರು ಬಣ್ಣ ಬರಿಸಿದರೆಂಬುದು ಪತ್ರಿಕೆಗಳ ಸಾಮಾನ್ಯ ಆರೋಪ. ಗುಹೆಯ ಖನಿಜವೇ ಕಾರಣವೆಂಬುದು ಕೆಲವು ವರ್ತಕರ ಸಮಾಧಾನ. ಹಾಂಗ್‌ಕಾಂಗಿನ ಪಾಲ್ ಬಟ್ ಮತ್ತು ಸಂಗಡಿಗರು 2013ರಲ್ಲಿ, ಹಕ್ಕಿಯ ಹಿಕ್ಕೆಯಿಂದ ಏಳುವ ಆವಿಯೇ ಬಿಳಿಯ ಗೂಡನ್ನು ಕೆಂಪಾಗಿಸಬಲ್ಲುದೆಂದು ಪ್ರಯೋಗದಿಂದ ತೋರಿಸಿದರು. 2018ರಲ್ಲಿ ಸಿಂಗಪುರದ ಸಂಶೋಧಕರು, ಗೂಡಿನ ಪ್ರೋಟೀನಿನಲ್ಲಿರುವ ಟೈರೊಸಿನ್ ಎಂಬ ಅಂಶ ನೈಟ್ರೀಕರಣಗೊಳ್ಳುವುದೇ ಬಣ್ಣದ ಕಾರಣವೆಂದು ನಿರೂಪಿಸಿದರು. ಆದುದರಿಂದ ಕೊಳೆ ಗುಡಿಸದ ಮನೆಯಲ್ಲಿ ಯಾರೂ ಕೈಯಿಡದೆಯೇ ಕೆಂಪು ಗೂಡು ಉಂಟಾಗಬಹುದು, ಬೇಕೆಂದೇ ಹಿಕ್ಕೆಯ ಆವಿಗೆ ಒಡ್ಡಿ ಅದನ್ನು ಸೃಷ್ಟಿಸಲೂಬಹುದು. ಇವೆರಡನ್ನೂ ಗೂಡಿನ ಮೇಲಣ ಬಣ್ಣವಷ್ಟೇ ಬೇರ್ಪಡಿಸಲಾರದು. ಗೂಡು ಬಂದ ಮನೆಯನ್ನು ಹೋಗಿ ನೋಡಬೇಕು. ಮನೆಯ ಸಂಖ್ಯೆ ಅನಿವಾರ್ಯವಾದುದು ಇದರಿಂದ.

ಇಂಡೋನೇಷ್ಯಾ 2012ರ ಏಪ್ರಿಲಿನಲ್ಲಿಯೂ ಮಲೇಷ್ಯಾ ಸೆಪ್ಟೆಂಬರಿನಲ್ಲಿಯೂ ಚೀನಾದೊಡನೆ ಒಪ್ಪಂದಕ್ಕೆ ಸಹಿ ಹಾಕಿದವು. ಗೂಡು ನೋಂದಾಯಿತ ಮನೆಯಿಂದಲೇ ಬಂದಿರಬೇಕು. ಹಕ್ಕಿಜ್ವರದ ಭೀತಿಯಿಂದಾಗಿ, ಅದರ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ತಲಪಿ ಕನಿಷ್ಠ 3.5 ಸೆಕೆಂಡು ನಿಲ್ಲುವಂತೆ ಕಾಯಿಸಬೇಕು. ಮನೆಯಿಂದ ಕಾರ್ಖಾನೆಯವರೆಗಿನ ಜಾಡು ತಪ್ಪಬಾರದು. ಮಲೇಷ್ಯಾ ಇದಕ್ಕೆ ಆರ್‌ಎಫ್‌ಐಡಿ ಚೀಟಿಯನ್ನು ಉಪಾಯವಾಗಿ ಮುಂದಿಟ್ಟಿತು. ಇದು ರೇಡಿಯೋ ಅಲೆಯಿಂದ ಓದಬಲ್ಲ ಸಣ್ಣ ಚೀಟಿ. ಯಂತ್ರವನ್ನು ಹತ್ತಿರ ಹಿಡಿದರೆ ತನ್ನ ಸಂಖ್ಯೆಯನ್ನು ತಾನೇ ಹೇಳುತ್ತದೆ.

ಇದರ ಮಿತಿಯನ್ನು ಗ್ರಹಿಸಬೇಕಾದರೆ ಗೂಡಿನ ಪ್ರಯಾಣವನ್ನು ನೋಡಬೇಕು. ಒಂದು ಗೂಡು ಎಂಟು ಹತ್ತು ಗ್ರಾಂ ತೂಗುತ್ತದೆ. ಒಂದು ಕಿಲೋಗೆ ನೂರಕ್ಕೂ ಮೇಲ್ಪಟ್ಟು ಗೂಡುಗಳು ಬೇಕು. ಸಣ್ಣ ಮನೆಯೊಂದರ ಒಂದು ಕೊಯ್ಲು ಅಷ್ಟಾಗದಿದ್ದರೆ ಸಂಗ್ರಾಹಕನ ಬುಟ್ಟಿಯಲ್ಲಿ ಹಲವು ಮನೆಗಳ ಗೂಡುಗಳು ಕಲೆಯುತ್ತವೆ. ಅಲ್ಲಿಂದ ಮುಂದೆ ಕಾರ್ಖಾನೆಯಲ್ಲಿ ಗೂಡನ್ನು ನೀರಿನಲ್ಲಿ ನೆನೆಸಿ, ಚಿಮಟ ಹಿಡಿದು ಕುಳಿತ ಹೆಂಗಸರು ಗಂಟೆಗಟ್ಟಲೆ ತಲೆಬಗ್ಗಿಸಿ ಒಂದೊಂದೇ ಪುಕ್ಕವನ್ನು ಆಯುತ್ತಾರೆ. ಬಿಡಿಯಾದ ಎಳೆಗಳನ್ನು ಅಚ್ಚಿನಲ್ಲಿಟ್ಟು ಮತ್ತೆ ಬಟ್ಟಲಿನ ರೂಪಕ್ಕೆ ತರುತ್ತಾರೆ. ಗ್ರಾಹಕನು ಕೊಳ್ಳುವ 'ಗೂಡು' ಹಕ್ಕಿ ಕಟ್ಟಿದ ಗೂಡಲ್ಲ, ಅದರ ಎಳೆಗಳಿಂದ ಮನುಷ್ಯರು ಪುನಃ ಕಟ್ಟಿದುದು. ಚೀಟಿ ಪೆಟ್ಟಿಗೆಗೆ ಅಂಟುತ್ತದೆ, ಎಳೆಗೆ ಅಂಟದು. ಬುಟ್ಟಿಯಲ್ಲಿ ಗೂಡುಗಳು ಕಲೆತ ಗಳಿಗೆಗೆ ಮೊದಲೇ ಸಂಖ್ಯೆ ಬರೆಯದಿದ್ದರೆ ಮುಂದಿನ ಯಾವ ಯಂತ್ರವೂ ಅದನ್ನು ಮರಳಿ ತರಲಾರದು. ಇಡೀ ವ್ಯವಸ್ಥೆಯ ಸತ್ಯಾಸತ್ಯತೆ ಕೊಯ್ಲಿನ ದಿನ ಮನೆಯೊಡೆಯನು ಪುಸ್ತಕದಲ್ಲಿ ಬರೆಯುವ ಒಂದು ಸಾಲಿನ ಮೇಲೆ ನಿಂತಿದೆ.

2013ರ ಕೊನೆಯಲ್ಲಿ ಚೀನಾ ಮಲೇಷ್ಯಾದ ಎಂಟು ಕಾರ್ಖಾನೆಗಳಿಗೆ ಮಾನ್ಯತೆ ನೀಡಿತು. ಅತಿ ದೊಡ್ಡ ಉತ್ಪಾದಕನಾದ ಇಂಡೋನೇಷ್ಯಾದ ನೇರ ರಫ್ತು ಪುನರಾರಂಭವಾದದ್ದು 2015ರಲ್ಲಿ, ಒಪ್ಪಂದಕ್ಕೆ ಮೊದಲು ಸಹಿ ಹಾಕಿದ್ದರೂ. ಆ ದೇಶದ ಮನೆಗಳು ಅನೇಕ ದ್ವೀಪಗಳಲ್ಲಿ ಚದರಿಹೋಗಿವೆಯೆಂಬುದನ್ನು ನೆನೆದರೆ ನೋಂದಣಿಯ ಶ್ರಮ ಎಷ್ಟಿದ್ದೀತೆಂದು ಊಹಿಸಬಹುದು.

ಮೂರನೆಯ ದಫ್ತರ ಹುಟ್ಟಿದ್ದು ಕೊಳ್ಳುವವರ ದೇಶದಲ್ಲಿ. ಚೀನಾದ ತಪಾಸಣೆ ಮತ್ತು ಸಂಗರೋಧ ಅಕಾಡೆಮಿ ಹಕ್ಕಿಗೂಡಿಗೆಂದೇ ಸ್ಥಾಪಿಸಿದ ಜಾಡುವ್ಯವಸ್ಥೆಯಲ್ಲಿ, ಡಬ್ಬಿಯ ಮೇಲಣ ಕ್ಯೂಆರ್ ಸಂಕೇತವನ್ನು ಮೊಬೈಲಿಗೆ ತೋರಿಸಿದರೆ ಕಾರ್ಖಾನೆ, ಆಮದುಗಾರ ಮೊದಲಾದ ವಿವರಗಳು ದೊರೆಯುತ್ತವೆ. ಸಾರ್ವಜನಿಕರ ವಿಶ್ವಾಸವನ್ನು ಮರಳಿ ಗಳಿಸಿದ್ದು ಪ್ರಾಯಶಃ ಇದೇ. ಆದರೆ ಈ ಸಂಕೇತವನ್ನೇ 'ಮನೆಯ ನೋಂದಣಿ' ಎಂದು ವರ್ಣಿಸುವ ಬರೆಹಗಳು ತಪ್ಪುದಾರಿ ಹಿಡಿಸುತ್ತವೆ. ಇದು ಕಾರ್ಖಾನೆಯಿಂದ ಈಚೆಗಿನ ಪಯಣಕ್ಕೆ ಸಾಕ್ಷಿ, ಆಚೆಗಿನದಕ್ಕೆ ಉತ್ಪಾದಕ ದೇಶದ ಪುಸ್ತಕವೇ ಆಧಾರ.

ಇದರಿಂದೀಚಿನ ಸಂಗತಿಗಳು ಬಹುತೇಕ ಆಡಳಿತದ ಪುನರ್ವಿನ್ಯಾಸಗಳು. 2018ರಲ್ಲಿ ಚೀನಾದ ತಪಾಸಣಾಧಿಕಾರ ಸುಂಕ ಇಲಾಖೆಯಲ್ಲಿ ಲೀನವಾಯಿತು; 2022ರ ಜನವರಿ 1ರಿಂದ ಜಾರಿಗೆ ಬಂದ 248ನೆಯ ಆಜ್ಞೆಯ ಪ್ರಕಾರ, ಉತ್ಪಾದಕ ದೇಶದ ಸರ್ಕಾರವೇ ಶಿಫಾರಸು ಮಾಡಿ ನೋಂದಾಯಿಸಬೇಕಾದ 18 ಆಹಾರವರ್ಗಗಳಲ್ಲಿ ಹಕ್ಕಿಗೂಡೂ ಸೇರಿತು. ಅದೇ ವರ್ಷ ವಿಯೆಟ್ನಾಂ ಚೀನಾದೊಡನೆ ಒಪ್ಪಂದ ಮಾಡಿಕೊಂಡು, 2023ರಲ್ಲಿ ತನ್ನ ಮೊದಲ ಅಧಿಕೃತ ಸರಕನ್ನು ಗಡಿ ದಾಟಿಸಿತು.